ವಿಡಿಯೋ ಸುರುಳಿಗಳ ಪುನರುಜ್ಜೀವನ

1976ರಲ್ಲಿ ಜಪಾನಿನ ಜೆ.ವಿ.ಸಿ. ಸಂಸ್ಥೆಯು ವಿ.ಎಚ್.ಎಸ್. ಎಂಬ ವಿಡಿಯೋ ಪದ್ಧತಿಯನ್ನು ಬಳಕೆಗೆ ತಂದಿತು. ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿಗೆ ಲೇಪಿಸಿದ ಕಾಂತೀಯ ಕಣಗಳಲ್ಲಿ ಎಷ್ಟೋ ಮನೆಗಳ ಮದುವೆ, ನಾಮಕರಣಗಳೂ ಇಂದು ಇಲ್ಲವಾಗಿರುವ ಹಿರಿಯರ ಮಾತು, ನಗೆಗಳೂ ಅಡಗಿವೆ. ಕಾಲ ಕಳೆದಂತೆ ಲೇಪನವು ಶಿಥಿಲವಾಗುತ್ತದೆ; ತೇವದಿಂದ ಬೂಷ್ಟು ಹಿಡಿಯುತ್ತದೆ. ಸುರುಳಿಯನ್ನು ಓಡಿಸುವ ಯಂತ್ರಗಳನ್ನು ಬಹುಕಾಲ ತಯಾರಿಸಿದ ಜಪಾನಿನ ಫುನಾಯ್ ಸಂಸ್ಥೆಯೂ 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಆದುದರಿಂದ ಇವುಗಳನ್ನು ಡಿಜಿಟಲ್ ರೂಪಕ್ಕೆ ಬೇಗನೆ ಪರಿವರ್ತಿಸಬೇಕಾಗಿದೆ.

ಚಿತ್ರದ ದೋಷಗಳನ್ನೆಲ್ಲ ಗಣಕಯಂತ್ರವೇ ಸರಿಪಡಿಸೀತೆಂದು ಹಲವರು ನಂಬುವರು. ಇದು ಅರ್ಧಸತ್ಯ. ಸುರುಳಿಯಿಂದ ಓದದೆ ಬಿಟ್ಟ ವಿವರವನ್ನು ಯಾವ ಗಣಕವೂ ಮರಳಿ ತರಲಾರದು. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಯಂತ್ರದೊಳಗೆ ಒಂದು ಉರುಳೆಯು ಸೆಕೆಂಡಿಗೆ 25 ಸಲ ಸುತ್ತುತ್ತದೆ. ಅದರ ಅಂಚಿನಲ್ಲಿರುವ ‘ಹೆಡ್’ ಎಂಬ ಕಿರು ಭಾಗಗಳು ಪಟ್ಟಿಯ ಮೇಲಿನ ಓರೆಯಾದ ಜಾಡುಗಳಿಂದ ಚಿತ್ರವನ್ನು ಓದುತ್ತವೆ. ಅವುಗಳಿಗೆ ಕೊಳೆ ಅಂಟಿದರೆ ತೆರೆಯ ಮೇಲೆ ಬಿಳಿಯ ಚುಕ್ಕೆಗಳು ಸುರಿಯುತ್ತವೆ. ಪಟ್ಟಿ ಹಿಗ್ಗಿದ್ದರೆ ಗೆರೆಗಳ ಕಾಲ ತಪ್ಪಿ, ನೆಟ್ಟನೆಯ ಕಂಬವೂ ಬಳುಕುತ್ತದೆ! ಪ್ರತಿಯೊಂದು ಗೆರೆಯನ್ನೂ ಕ್ಷಣಕಾಲ ತಡೆದು ಸಮಕಾಲದಲ್ಲಿ ಹೊರಬಿಡುವ ‘ಟೈಮ್ ಬೇಸ್ ಕರೆಕ್ಟರ್’ ಎಂಬ ಉಪಕರಣವು ಈ ಬಳುಕನ್ನು ತಿದ್ದುತ್ತದೆ.

ಸಾಮಾನ್ಯ ಯಂತ್ರಗಳಲ್ಲಿ ಧ್ವನಿಗೆ ಪಟ್ಟಿಯ ಅಂಚಿನಲ್ಲಿ ಬೇರೆಯೇ ಜಾಡುಂಟು. ಅದನ್ನು ಓದುವ ಹೆಡ್ ಸುತ್ತುವುದಿಲ್ಲ. ಅದು ಕೂದಲೆಳೆಯಷ್ಟು ವಾಲಿದರೂ ಸ್ವರ ಮಂಕಾಗುತ್ತದೆ. ಮೊದಲು ಅದನ್ನು ನೇರಗೊಳಿಸಬೇಕು. ಹಿನ್ನೆಲೆಯ ಬುಸುಗುಟ್ಟುವ ಸದ್ದನ್ನು ಅನಂತರ ಗಣಕದಲ್ಲಿ ತಗ್ಗಿಸಬಹುದು. ಮಿತಿಮೀರಿ ತಗ್ಗಿಸಿದರೆ ಅದರೊಡನೆ ಅಜ್ಜಿಯ ಸ್ವರದ ನಡುಕವೂ ಅಳಿಸಿಹೋದೀತು. ಬಲ್ಲವರು ತಿದ್ದದ ಪ್ರತಿಯೊಂದನ್ನು ಪ್ರತ್ಯೇಕವಾಗಿ ಕಾದಿರಿಸುವುದು ಇದಕ್ಕಾಗಿಯೇ.