ರಾತ್ರಿ ಕಾರು ಎಲ್ಲಿ ಮಲಗುತ್ತದೆ?

"ಎಷ್ಟು ಕೊಡುತ್ತೆ ಸಾರ್?"

ಬೆಂಗಳೂರಿನ ಲಿಂಗರಾಜಪುರದ ನಮ್ಮ ಗಲ್ಲಿಗೆ ಬ್ಯಾಟರಿ ಕಾರು ತಂದ ದಿನದಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಹಾಲಿಗೆ ಹೋದರೂ ಇದೇ, ಇಸ್ತ್ರಿ ಗಾಡಿಯ ಮುಂದೆ ನಿಂತರೂ ಇದೇ. ಪೆಟ್ರೋಲಿನ ಕಾಲದಲ್ಲಿ ಬಾಯಿಗೆ ಕೂತ ಪ್ರಶ್ನೆ. ಫುಲ್ ಚಾರ್ಜಿಗೆ ಇನ್ನೂರು ಕಿಲೋಮೀಟರ್ ಅಂದರೆ ಕೇಳಿದವರ ಮುಖ ಸಣ್ಣಗಾಗುತ್ತದೆ. ಹಾಗೆ ಕೇಳಿದವರಲ್ಲಿ ಹೆಚ್ಚಿನವರು ಓಡಿಸುವುದು ಮಾನ್ಯತಾ ಟೆಕ್ ಪಾರ್ಕಿಗೋ ಇಂದಿರಾನಗರಕ್ಕೋ ಹೋಗಿಬರುವಷ್ಟು, ದಿನಕ್ಕೆ ಮೂವತ್ತು ಕಿಲೋಮೀಟರ್ ಆದರೆ ಹೆಚ್ಚು. ಹಾಗಾಗಿ ಈಗೀಗ ನಾನು ಉತ್ತರ ಕೊಡುವುದನ್ನು ಬಿಟ್ಟು ಮರುಪ್ರಶ್ನೆ ಹಾಕುತ್ತೇನೆ: "ರಾತ್ರಿ ನಿಮ್ಮ ಕಾರು ಎಲ್ಲಿ ಮಲಗುತ್ತೆ?"

ನಮ್ಮ ಕಡೆ ಇದು ಸುಲಭದ ಪ್ರಶ್ನೆಯಲ್ಲ. ಇಪ್ಪತ್ತು–ಮೂವತ್ತರ ಸೈಟು, ಅದರ ಮೇಲೆ ಮೂರು ಅಂತಸ್ತು, ಗೇಟಿನ ಒಳಗೆ ಎರಡು ಸ್ಕೂಟರಿಗೆ ಮಾತ್ರ ಜಾಗ. ಕಾರುಗಳೆಲ್ಲ ಚರಂಡಿಯ ಕಲ್ಲುಚಪ್ಪಡಿಗೆ ಒಂದು ಗಾಲಿ ಹತ್ತಿಸಿಕೊಂಡು, ಮುಸುಕು ಹೊದ್ದು ಬೀದಿಯಲ್ಲೇ ಮಲಗುತ್ತವೆ. ಎಲೆಕ್ಟ್ರಿಕ್ ಸ್ಕೂಟರಿನವರು ಮೊದಲ ಮಹಡಿಯಿಂದ ವೈರು ಇಳಿಬಿಟ್ಟು ಹೇಗೋ ಕೆಲಸ ಸಾಗಿಸುತ್ತಾರೆ. ಕಾರಿಗೆ ಆ ಆಟ ನಡೆಯದು. ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಈ ಊರಿಗೆ ಬ್ಯಾಟರಿ ಕಾರು ಹೊಸದೇನಲ್ಲ. 2001ರಲ್ಲಿ ಬೊಮ್ಮಸಂದ್ರದ ಕಾರ್ಖಾನೆಯಿಂದ ರೇವಾ ಹೊರಬಂತು. ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ 1994ರಲ್ಲಿ ಕೂಡಿ ಕಟ್ಟಿದ ಕಂಪನಿ ಅದು. ಹಿಂದಿದ್ದ ಎಂಜಿನಿಯರ್ ಚೇತನ್ ಮೈನಿ. ಎರಡು ಬಾಗಿಲು, ಆಟಿಕೆಯಂಥ ಮೈಕಟ್ಟು. ಲಂಡನ್ನಿನಲ್ಲಿ ಅದು 'ಜಿ-ವಿಜ್' ಎಂಬ ಹೆಸರಲ್ಲಿ ಓಡಾಡಿತು, ಅಲ್ಲಿನ ಸಂಚಾರ ದಟ್ಟಣೆ ಶುಲ್ಕದಿಂದ ವಿನಾಯಿತಿ ಪಡೆದು ತವರಿಗಿಂತ ಹೆಚ್ಚು ಹೆಸರನ್ನೂ ಮಾಡಿತು. 2010ರಲ್ಲಿ ಮಹೀಂದ್ರ ಕೊಂಡುಕೊಂಡಿತು. ರೇವಾ ಚಾರ್ಜ್ ಆಗುತ್ತಿದ್ದದ್ದು ಮನೆಯ ಹದಿನೈದು ಆಂಪಿಯರ್ ಸಾಕೆಟ್ಟಿನಲ್ಲಿ, ಎಂಟು ಗಂಟೆ. ಇಪ್ಪತ್ತೈದು ವರ್ಷ ಕಳೆದರೂ ಆ ಮಾತು ಹಾಗೇ ಉಳಿದಿದೆ. ಬದಲಾಗಿರುವುದು ಬ್ಯಾಟರಿ.

ರೇವಾದ ಸೀಟಿನ ಕೆಳಗೆ ಆರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳಿದ್ದವು. ನಮ್ಮ ಮನೆಯ ಯುಪಿಎಸ್ ಪೆಟ್ಟಿಗೆಯಲ್ಲಿ ಕೂತು ಡಿಸ್ಟಿಲ್ಡ್ ವಾಟರ್ ಕುಡಿಯುತ್ತದಲ್ಲ, ಅದೇ ವಂಶದವು. ಸೀಸದ ಬ್ಯಾಟರಿ ಕಿಲೋಗೆ ಮೂವತ್ತು-ನಲವತ್ತು ವಾಟ್-ಗಂಟೆ ಹಿಡಿದಿಟ್ಟರೆ ಅದೇ ದೊಡ್ಡದು. ಅಂದರೆ ಹತ್ತು ಯೂನಿಟ್ಟಿನಷ್ಟೂ ಇಲ್ಲದ ಕರೆಂಟನ್ನು ಹೊರಲು ಕಾಲು ಟನ್ ಸೀಸ! ಎಂಬತ್ತು ಕಿಲೋಮೀಟರ್ ಓಡುತ್ತದೆಂದು ಕಂಪನಿ ಹೇಳುತ್ತಿತ್ತು. ಮೂರು ವರ್ಷದ ಆಸುಪಾಸಿಗೆ ಬ್ಯಾಟರಿ ಬದಲಾಯಿಸುವ ಖರ್ಚು ಎದುರಾಗುತ್ತಿತ್ತು.

ಇಂದು ನಮ್ಮ ದೇಶದ ಸಾಮಾನ್ಯ ದರದ ಬಹುಪಾಲು ಬ್ಯಾಟರಿ ಕಾರುಗಳಲ್ಲಿ ಇರುವುದು ಲಿಥಿಯಂ ಐರನ್ ಫಾಸ್ಫೇಟ್, ಜನ ಎಲ್‌ಎಫ್‌ಪಿ ಅನ್ನುತ್ತಾರೆ. ಅದೇ ತೂಕಕ್ಕೆ ಸೀಸದ ನಾಲ್ಕು ಪಟ್ಟು ಹಿಡಿಯುತ್ತದೆ. ಈ ವಸ್ತು ಬ್ಯಾಟರಿಗೆ ಆಗಿಬರುತ್ತದೆ ಎಂದು ತೋರಿಸಿದ 1997ರ ಪ್ರಬಂಧದ ಮೇಲೆ ಮೂರು ಹೆಸರುಗಳಿವೆ: ಪಾಧಿ, ನಂಜುಂಡಸ್ವಾಮಿ, ಗುಡೆನಫ್. ಮೂರನೆಯವರಿಗೆ 2019ರಲ್ಲಿ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ ನೊಬೆಲ್ ಬಂತು. ನಡುವಿನ ಹೆಸರನ್ನು ಓದಿದಾಗಲೆಲ್ಲ ನನಗೆ ಒಂದು ಗಳಿಗೆ ಖುಷಿಯಾಗುತ್ತದೆ, ಕಾರಣ ಹೇಳಬೇಕಿಲ್ಲ.

ಎಲ್‌ಎಫ್‌ಪಿಗೆ ಒಂದು ವಿಚಿತ್ರ ಗುಣವಿದೆ. ಅಡುಗೆ ಗ್ಯಾಸಿನ ಸಿಲಿಂಡರ್ ನೆನಪಿಸಿಕೊಳ್ಳಿ: ಒಳಗೆ ಅರ್ಧ ಇರಲಿ, ಕಾಲು ಪಾಲು ಇರಲಿ, ಉರಿ ಒಂದೇ ಸಮ. ಒಗ್ಗರಣೆ ಹಾಕುವ ಹೊತ್ತಿಗೆ ಹೇಳದೆ ಕೇಳದೆ ನಿಲ್ಲುತ್ತದೆ. ಎಲ್‌ಎಫ್‌ಪಿಯ ವೋಲ್ಟೇಜ್ ಕೂಡ ಹಾಗೆಯೇ, ಕೊನೆಯವರೆಗೂ ಹತ್ತಿರಹತ್ತಿರ ಒಂದೇ ಮಟ್ಟ. ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಲು ಕಾರಿನ ಕಂಪ್ಯೂಟರು ತಿಣುಕುತ್ತದೆ. ಹಾಗಾಗಿಯೇ ಇಂಥ ಕಾರನ್ನು ಆಗಾಗ ನೂರಕ್ಕೆ ನೂರು ತುಂಬಿಸಿ ಎನ್ನುತ್ತಾರೆ. ತುಂಬಿದ ಗುರುತು ಒಮ್ಮೆ ಸಿಕ್ಕರೆ ಲೆಕ್ಕ ಸರಿಹೋಗುತ್ತದೆ. ಇನ್ನು, ಬ್ಯಾಟರಿಗೆ ಬೇಗ ಮುಪ್ಪು ತರುವುದು ಬಿಸಿ. ಒಂಬೈನೂರು ಮೀಟರ್ ಎತ್ತರದಲ್ಲಿ ಕೂತ ಈ ಊರಿನ ಹವೆ ಅದಕ್ಕೆ ಹೇಳಿ ಮಾಡಿಸಿದ್ದು. ಕಲಬುರಗಿಯ ಮೇ ತಿಂಗಳ ಬಗ್ಗೆ ನಾನು ಇಷ್ಟು ಧೈರ್ಯವಾಗಿ ಬರೆಯಲಾರೆ.

ಟ್ರಾಫಿಕ್ಕಿನಲ್ಲಿ ಈ ಯಂತ್ರ ಹೇಗೆ ಎಂದು ನೋಡಲು ನಮ್ಮ ಮೇಲ್ಸೇತುವೆಯೇ ಸಾಕು. ಜನ ಸೇರಿ ಒಂದೂವರೆ ಟನ್ ತೂಗುವ ಕಾರು ಎಂಟು ಮೀಟರ್ ಎತ್ತರ ಏರಿತು ಎಂದಿಟ್ಟುಕೊಳ್ಳಿ. ತೂಕ, ಎತ್ತರ, ಗುರುತ್ವವನ್ನು ಗುಣಿಸಿದರೆ ಸುಮಾರು 120 ಕಿಲೋಜೂಲ್, ಅಂದರೆ ಯೂನಿಟ್ಟಿನ ಮೂವತ್ತನೇ ಒಂದು ಪಾಲು. ಅಷ್ಟರಲ್ಲಿ ಎರಡೋ ಮೂರೋ ಲೋಟ ಕಾಫಿಗೆ ನೀರು ಕಾಯಿಸಬಹುದು, ಅಥವಾ ಕಾರು ಸಮತಟ್ಟಾದ ರಸ್ತೆಯಲ್ಲಿ ಇನ್ನೂರು ಮೀಟರ್ ಓಡಬಹುದು. ಹೆಣ್ಣೂರು ರಸ್ತೆಯ ಕಡೆ ಇಳಿಯುವಾಗ ಪೆಟ್ರೋಲ್ ಕಾರು ಆ ಶಕ್ತಿಯನ್ನೆಲ್ಲ ಬ್ರೇಕಿನಲ್ಲಿ ಬಿಸಿಯಾಗಿಸಿ ಗಾಳಿಗೆ ಬಿಡುತ್ತದೆ. ಬ್ಯಾಟರಿ ಕಾರಿನಲ್ಲಿ ಕಾಲೆತ್ತಿದೊಡನೆ ಮೋಟಾರೇ ಡೈನಮೋ ಆಗಿ, ಗಾಲಿಗಳನ್ನು ಹಿಡಿದು ನಿಲ್ಲಿಸುತ್ತ ಅರ್ಧಕ್ಕಿಂತ ಹೆಚ್ಚನ್ನು ವಾಪಸ್ ತುಂಬುತ್ತದೆ. ಆ ಇಳಿಜಾರಿನಲ್ಲಿ ಮೀಟರಿನ ಮುಳ್ಳು ಹಸಿರಿಗೆ ವಾಲುವುದನ್ನು ನೋಡುವುದು, ಸಾಲ ಕೊಟ್ಟ ದುಡ್ಡು ವಾಪಸ್ ಬಂದ ಹಾಗೆ. ಕೋಲ್ಸ್ ಪಾರ್ಕಿನ ಹತ್ತಿರ ಸಿಗ್ನಲ್ಲಿಗೆ ಸಿಕ್ಕಿಹಾಕಿಕೊಂಡರೆ ಪೆಟ್ರೋಲ್ ಎಂಜಿನ್ ನಿಂತಲ್ಲೇ ಕುಡಿಯುತ್ತಿರುತ್ತದೆ. ಇಲ್ಲಿ ಮೋಟಾರು ತೆಪ್ಪಗೆ ನಿಂತಿರುತ್ತದೆ, ಏಸಿ ಮಾತ್ರ ಗಂಟೆಗೆ ಒಂದು ಯೂನಿಟ್ ತಿನ್ನಬಹುದು. ಈ ಕಾರಿಗೆ ಬೆಂಗಳೂರಿನ ಟ್ರಾಫಿಕ್ ಶತ್ರುವಲ್ಲ.

ಹೆದ್ದಾರಿಯೇ ಶತ್ರು. ಗಾಳಿಯ ಎದುರೊತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಐವತ್ತರಿಂದ ನೂರಕ್ಕೆ ಹೋದರೆ ನಾಲ್ಕು ಪಟ್ಟು. ಮಂಗಳೂರಿಗೆ ಹೋಗುವಾಗ ಘಟ್ಟ ಇಳಿಯುವ ಲಾಭ ಸಿಗುತ್ತದೆ, ಬರುವಾಗ ಅದನ್ನು ಬಡ್ಡಿ ಸಮೇತ ತೆರಬೇಕು. ಶಿರಾಡಿ ಏರಲು ಬೇಕಾಗುವ ಹೆಚ್ಚುವರಿ ಶಕ್ತಿ ಮೂರೂವರೆ ಯೂನಿಟ್ಟಿನ ಹತ್ತಿರ, ಊರಲ್ಲಾದರೆ ಅದು ಇಪ್ಪತ್ತೈದು ಕಿಲೋಮೀಟರ್ ಓಡುವ ಮಾತು. ಆದರೂ ಘಟ್ಟಕ್ಕಿಂತ ನಿಮ್ಮ ಬಲಗಾಲೇ ಹೆಚ್ಚು ತಿನ್ನುತ್ತದೆ. ದಾರಿಯಲ್ಲಿ ಒಂದು ಕಡೆ ಮುಕ್ಕಾಲು ಗಂಟೆ ನಿಲ್ಲುವ ತಾಳ್ಮೆ ಇದ್ದರೆ ಹೋಗಿಬರಬಹುದು, ನಾನು ಹೋಗಿಬಂದಿದ್ದೇನೆ. ದೀಪಾವಳಿಯ ಹಿಂದಿನ ದಿನ ಮಾತ್ರ ಹೋಗಲಾರೆ. ಚಾರ್ಜರ್ ಮುಂದೆ ಮೂರನೆಯವನಾಗಿ ನಿಂತವನಿಗೆ ಆ ಮುಕ್ಕಾಲು ಗಂಟೆ ಮೂರು ಸಲ ಬರುತ್ತದೆ.

ಮತ್ತೆ ಮಲಗುವ ಜಾಗಕ್ಕೆ ಬರೋಣ. ನಮ್ಮ ಮನೆಯ ಗೇಟಿನ ಒಳಗೆ ಹೇಗೋ ಒಂದು ಕಾರಿನ ಜಾಗವಿತ್ತು, ಗೋಡೆಯಲ್ಲಿ ಹದಿನೈದು ಆಂಪಿಯರ್ ಸಾಕೆಟ್ಟೂ ಇತ್ತು. ಮೊದಲ ರಾತ್ರಿ ಚಾರ್ಜರ್ ಚುಚ್ಚಿದರೆ ಕೆಂಪು ದೀಪ. ಅದೇ ಸಾಕೆಟ್ಟಿನಲ್ಲಿ ಇಸ್ತ್ರಿಪೆಟ್ಟಿಗೆ ಕಾಯುತ್ತದೆ, ವಾಷಿಂಗ್ ಮಷೀನು ತಿರುಗುತ್ತದೆ, ಕಾರಿಗೆ ಮಾತ್ರ ಮುನಿಸು. ಮಾರನೆಯ ದಿನ ಬಂದ ಎಲೆಕ್ಟ್ರಿಷಿಯನ್ ಚೀಲದಿಂದ ಹಳೇ ನೂರು ವಾಟಿನ ಬಲ್ಬು ತೆಗೆದ. ಫೇಸಿಗೂ ನ್ಯೂಟ್ರಲ್ಲಿಗೂ ಕೊಟ್ಟ, ಝಗ್ಗನೆ ಉರಿಯಿತು. ಫೇಸಿಗೂ ಅರ್ಥಿಗೂ ಕೊಟ್ಟ. ಬಲ್ಬಿನ ತಂತಿ ಬೀಡಿಯ ತುದಿಯಷ್ಟು ಕೆಂಪಗಾಗಿ ಕೂತಿತು. "ಅರ್ಥಿಂಗ್ ಹೆಸರಿಗೆ ಐತೆ ಸಾರ್," ಅಂದ.

ಇಸ್ತ್ರಿಪೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ಕೇಳುವುದಿಲ್ಲ. ಕಾರಿನ ಚಾರ್ಜರ್ ಕರೆಂಟು ಎಳೆಯುವ ಮೊದಲು ಅದನ್ನೇ ಪರೀಕ್ಷಿಸುತ್ತದೆ. ಯಾಕೆಂದರೆ ಕಾರೆಂದರೆ ರಬ್ಬರಿನ ನಾಲ್ಕು ಗಾಲಿಗಳ ಮೇಲೆ ನಿಂತ ತಗಡಿನ ಪೆಟ್ಟಿಗೆ. ಒಳಗೆಲ್ಲೋ ಕರೆಂಟು ಸೋರಿದರೆ ನೆಲಕ್ಕೆ ಇಳಿಯಲು ದಾರಿಯಿಲ್ಲ. ಒದ್ದೆ ನೆಲದ ಮೇಲೆ ನಿಂತು ಬಾಗಿಲು ಮುಟ್ಟಿದವರೇ ದಾರಿಯಾಗುತ್ತಾರೆ. ಕಾಂಪೌಂಡ್ ಮೂಲೆಯಲ್ಲಿ ಗುಂಡಿ ತೋಡಿಸಿ, ಕಬ್ಬಿಣದ ಪೈಪು ನಿಲ್ಲಿಸಿ, ಒಂದು ಪದರ ಇದ್ದಿಲು ಒಂದು ಪದರ ಕಲ್ಲುಪ್ಪು ತುಂಬಿಸಿದೆವು. ಉಪ್ಪು ಮತ್ತು ತೇವ ಸೇರಿದರೆ ಮಣ್ಣು ಕರೆಂಟಿಗೆ ದಾರಿ ಬಿಡುತ್ತದೆ.

ಎಲೆಕ್ಟ್ರಿಷಿಯನ್ ಹಳೆಯ ವೈರನ್ನೂ ಕಿತ್ತು ಹಾಕಿದ. ಗೀಸರ್ ಎರಡು ಕಿಲೋವಾಟ್ ಎಳೆದರೂ ಕಾಲು ಗಂಟೆಗೆ ಮುಗಿಸುತ್ತದೆ. ಕಾರು ಮೂರು ಕಿಲೋವಾಟ್ ಹಿಡಿದು ಬೆಳಗಿನವರೆಗೆ ಬಿಡುವುದಿಲ್ಲ. ಸಡಿಲ ಪ್ಲಗ್ಗು ಮೊದಲು ಬೆಚ್ಚಗಾಗುತ್ತದೆ, ಆಮೇಲೆ ಕಂದುತ್ತದೆ, ಆಮೇಲೆ ಕರಗುತ್ತದೆ. ಮಹಡಿಯಿಂದ ಇಳಿಬಿಟ್ಟ ಸಪೂರ ವೈರು ಕಾರಿಗೆ ಆಗದು ಎಂದದ್ದು ಇದಕ್ಕೇ.

ದುಡ್ಡಿನ ಲೆಕ್ಕ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ, ಚಾರ್ಜಿಂಗಿನ ಸೋರಿಕೆಯೂ ಸೇರಿ 160 ಯೂನಿಟ್. ಯೂನಿಟ್ಟಿಗೆ ಎಲ್ಲ ಸೇರಿ ಏಳು ರೂಪಾಯಿ ಹಿಡಿದರೆ 1,120. ಊರೊಳಗೆ ಹದಿಮೂರು ಕೊಡುವ ಪೆಟ್ರೋಲ್ ಕಾರಿಗೆ ಲೀಟರಿಗೆ 103ರಂತೆ 7,900. ಕೊಳ್ಳುವಾಗ ಮೂರು ಲಕ್ಷ ಹೆಚ್ಚು ಕೊಟ್ಟಿದ್ದರೆ ನಾಲ್ಕು ವರ್ಷದೊಳಗೆ ಹುಟ್ಟುತ್ತದೆ, ಬ್ಯಾಟರಿಗೆ ಹೆಚ್ಚಿನ ಕಂಪನಿಗಳು ಎಂಟು ವರ್ಷದ ವಾರಂಟಿ ಕೊಡುತ್ತವೆ. ತಿಂಗಳಿಗೆ ನಾನೂರೇ ಓಡಿಸುವವರಿಗೆ ಒಂಬತ್ತು ವರ್ಷ ದಾಟುತ್ತದೆ. ಅಂಥವರು ಪೆಟ್ರೋಲ್ ಕಾರನ್ನೇ ಇಟ್ಟುಕೊಳ್ಳಲಿ, ಇದರಲ್ಲಿ ನಾಚಿಕೆಯೇನಿಲ್ಲ.

ಶೋರೂಮಿನವರು ಹೇಳದ ಬಾಬತ್ತು ಒಂದಿದೆ, ಮನೆಗೆ ಇನ್ನೂರು ಯೂನಿಟ್‌ವರೆಗೆ ಉಚಿತ ಕರೆಂಟು ಕೊಡುವ ಸರ್ಕಾರದ ಗೃಹಜ್ಯೋತಿ. ತಿಂಗಳಿಗೆ 120 ಯೂನಿಟ್ ಉರಿಸುವ ಮನೆಗೆ ಈಗ ಬಿಲ್ಲು ಸೊನ್ನೆ. ಕಾರು ಬಂದರೆ 280. ಇನ್ನೂರು ದಾಟಿದರೆ ದಾಟಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ಲಿಗೆ ದುಡ್ಡು ಕಟ್ಟಬೇಕು, ಹತ್ತಿರಹತ್ತಿರ ಎರಡು ಸಾವಿರ. ಆಗ ಕಾರಿನ ನಿಜವಾದ ಖರ್ಚು 1,120 ಅಲ್ಲ, ಆ ಎರಡು ಸಾವಿರ. ಕಾರಿಗೆಂದೇ ಬೇರೆ ಮೀಟರ್ ಹಾಕಿಸಿದರೆ ಇದು ತಪ್ಪುತ್ತದೆ. ಆದರೆ ಆ ಅರ್ಜಿಗೆ ಮನೆ ಮಾಲೀಕರ ಸಹಿ ಬೇಕಾಗುತ್ತದೆ, ಬಾಡಿಗೆದಾರರ ಕಥೆ ಅಲ್ಲಿಗೇ ನಿಲ್ಲುತ್ತದೆ.

ಮನೆಯಲ್ಲಿ ಸಾಕೆಟ್ಟಿಲ್ಲದವರು ಹೊರಗಿನ ಚಾರ್ಜರನ್ನೇ ನೆಚ್ಚಬೇಕು. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಮರುವರ್ಷ ಕೆ.ಆರ್. ವೃತ್ತದ ತನ್ನ ಕಚೇರಿಯಲ್ಲಿ ಬೆಸ್ಕಾಂ ಚಾರ್ಜಿಂಗ್ ಕೇಂದ್ರ ತೆರೆಯಿತು, ಆಮೇಲೆ ಅಂಥ ಕೇಂದ್ರಗಳು ಊರ ತುಂಬ ಹಬ್ಬಿದವು. ಖಾಸಗಿ ವೇಗದ ಚಾರ್ಜರಿನಲ್ಲಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿಯ ಆಸುಪಾಸು ತೆರಬೇಕಾಗುತ್ತದೆ. ಉಳಿತಾಯ ಸಾಕಷ್ಟು ಕರಗುತ್ತದೆ, ವಾರಕ್ಕೊಂದು ಸಂಜೆ ಅಲ್ಲಿ ಕಾರಿನೊಳಗೆ ಕೂತು ಕಳೆಯಬೇಕು.

ಎದುರುಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗ ಕಳೆದ ತಿಂಗಳು ಬುಕ್ಕಿಂಗ್ ಹಣ ಕಟ್ಟುವ ಮೊದಲು ಕೇಳಲು ಬಂದ. ಕಾರು ಬೀದಿಯಲ್ಲಿ ಮಲಗುತ್ತದೆ, ಆಫೀಸಿನಲ್ಲಿ ಚಾರ್ಜರ್ ಇಲ್ಲ. ಬೇಡ ಅಂದೆ. ಸಪ್ಪೆ ಮುಖ ಮಾಡಿಕೊಂಡು ಹೋದವನು ಮೊನ್ನೆ ಭಾನುವಾರ ಮತ್ತೆ ಬಂದ. ಮಾಲೀಕರನ್ನು ಒಪ್ಪಿಸಿದ್ದಾನಂತೆ, ಸ್ಕೂಟರುಗಳನ್ನು ಸರಿಸಿ ಕಾರಿಗೆ ಗೇಟಿನ ಒಳಗೆ ಜಾಗ ಮಾಡಿಕೊಡುತ್ತಾರಂತೆ. ನಾನು ಆಗ ಬಕೆಟ್ ಹಿಡಿದು ಅರ್ಥಿಂಗ್ ಗುಂಡಿಗೆ ನೀರು ಹಾಕುತ್ತಿದ್ದೆ, ಬೇಸಗೆಯಲ್ಲಿ ಮಣ್ಣು ಒಣಗಿದರೆ ಮತ್ತೆ ಕೆಂಪು ದೀಪ. ಎಷ್ಟು ಕೊಡುತ್ತೆ ಎಂದು ಅವನು ಈ ಸಲ ಕೇಳಲಿಲ್ಲ. ಬಗ್ಗಿ ಗುಂಡಿ ನೋಡಿ, "ಇದಕ್ಕೆ ಎಷ್ಟು ಮೂಟೆ ಉಪ್ಪು ಹಾಕಿಸಿದ್ರಿ?" ಅಂದ.