ಮಿಷನ್ ಆಸ್ಪತ್ರೆಯ ತವರು ಬೀದಿಗಳು

ಲಂಡನ್ನಿನ ಓಲ್ಡ್ ಸ್ಟ್ರೀಟ್ ಸ್ಟೇಷನ್ನಿನಿಂದ ಮೇಲೆ ಬಂದು ಸಿಟಿ ರೋಡಿನಲ್ಲಿ ದಕ್ಷಿಣಕ್ಕೆ ನಡೆದರೆ ಎಡಗಡೆ ಒಂದು ಕಲ್ಲುಹಾಸಿನ ಅಂಗಳ, ಅದರಲ್ಲಿ ಮೆಥಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿಯ ಪ್ರತಿಮೆ, ಹಿಂದೆ 1778ರಲ್ಲಿ ಬಾಗಿಲು ತೆರೆದ ವೆಸ್ಲಿ ಚಾಪೆಲ್. ಮಾರ್ಗರೆಟ್ ಥ್ಯಾಚರ್ ಅವರ ಮದುವೆ 1951ರಲ್ಲಿ ನಡೆದದ್ದು ಇಲ್ಲೇ. ನೆಲಮಾಳಿಗೆಯಲ್ಲಿ ಥಾಮಸ್ ಕ್ರ್ಯಾಪರ್ ಕಂಪನಿಯ ವಿಕ್ಟೋರಿಯಾ ಕಾಲದ ಗಂಡಸರ ಶೌಚಾಲಯವನ್ನೂ ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ಅದನ್ನು ನೋಡಲೆಂದೇ ಬರುವವರೂ ಇದ್ದಾರೆ. ಮೈಸೂರಿನ ಕಡೆಯವರಿಗೆ ಇಲ್ಲಿಗೆ ಬರಲು ಬೇರೆಯೇ ಕಾರಣವಿದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಮೆಮೋರಿಯಲ್, ಅಂದರೆ ಊರವರ ಬಾಯಲ್ಲಿ ಬರೀ ಮಿಷನ್ ಆಸ್ಪತ್ರೆ, ಈ ಮನೆತನದ್ದು. ವೆಸ್ಲಿಯ ಅನುಯಾಯಿಗಳು 1906ರಲ್ಲಿ ಕಟ್ಟಿದ್ದು.

ಚಾಪೆಲ್ ಪಕ್ಕದಲ್ಲೇ ವೆಸ್ಲಿಯ ಮನೆ. ಮೆಟ್ಟಿಲು ಕಿರಿದು, ಕೋಣೆಗಳು ಪುಟ್ಟವು. 1791ರಲ್ಲಿ ಆತ ತೀರಿಕೊಂಡದ್ದು ಇಲ್ಲೇ. ಮನೆಯಲ್ಲಿ ಕಣ್ಣು ನಿಲ್ಲುವುದು ಒಂದು ಯಂತ್ರದ ಮೇಲೆ. ಗಾಜಿನ ಸಿಲಿಂಡರ್, ಅದನ್ನು ತಿರುಗಿಸಲು ಹಿಡಿ. ಗಾಜು ತಿರುಗುತ್ತ ಉಜ್ಜಿಕೊಂಡಾಗ ಹುಟ್ಟುವ ವಿದ್ಯುತ್ತನ್ನು ರೋಗಿಯ ಮೈಗೆ ಮುಟ್ಟಿಸುವುದು ಚಿಕಿತ್ಸೆ. ಧರ್ಮಪ್ರಚಾರಕನೊಬ್ಬ ಶಾಕ್ ಕೊಟ್ಟು ಕಾಯಿಲೆ ವಾಸಿಮಾಡಲು ಹೊರಟಿದ್ದು ನಗು ತರಿಸಬಹುದು. ಆದರೆ ಡಾಕ್ಟರಿಗೆ ಫೀಸು ಕೊಡಲಾಗದವರಿಗಾಗಿ 1746ರಲ್ಲೇ ಆತ ಇಲ್ಲಿಗೆ ಹತ್ತಿರದ ಹಳೆಯ ಫಿರಂಗಿ ಕಾರ್ಖಾನೆಯೊಂದರಲ್ಲಿ ಉಚಿತ ಔಷಧಾಲಯ ತೆರೆದಿದ್ದ. ಮರುವರ್ಷ ಮನೆಮದ್ದಿನ ಪುಸ್ತಕವನ್ನೂ ಬರೆದ. ತಲೆ ಬೋಳಾದರೆ ಈರುಳ್ಳಿಯಿಂದ ಕೆಂಪಗಾಗುವವರೆಗೆ ತಿಕ್ಕಿ, ಮೇಲೆ ಜೇನುತುಪ್ಪ ಸವರಬೇಕು ಎಂಬಂಥ ಸಲಹೆಗಳು ಅದರಲ್ಲಿವೆ. ನಮ್ಮಜ್ಜಿಯರು ಇದಕ್ಕಿಂತ ಬೇರೇನು ಹೇಳುತ್ತಿದ್ದರು! ವೆಸ್ಲಿ ಬದುಕಿರುವಾಗಲೇ ಆ ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು.

ಮದ್ದು ಮೊದಲು ಬೇಕಾಗಿದ್ದದ್ದು ಲಂಡನ್ನಿಗೇ ಎನ್ನುವುದು ಇಲ್ಲಿಂದ ಪೂರ್ವಕ್ಕೆ, ಶೋರ್‌ಡಿಚ್ ಕಡೆಗೆ ನಡೆದಾಗ ಇನ್ನೂ ಗಟ್ಟಿಯಾಗುತ್ತದೆ. ಆರ್ನಾಲ್ಡ್ ಸರ್ಕಸ್ ಎಂಬ ವೃತ್ತದ ನಡುವೆ ಮರಗಳು ತುಂಬಿದ ಸಣ್ಣ ದಿಬ್ಬ, ತುದಿಯಲ್ಲಿ ಬ್ಯಾಂಡ್ ಬಾರಿಸುವ ಮಂಟಪ, ಸುತ್ತ ಕೆಂಪಿಟ್ಟಿಗೆಯ ಮನೆಗಳು. ಈಗ ದುಬಾರಿ ಕಾಫಿಯ ಬಡಾವಣೆ. ಆ ದಿಬ್ಬದೊಳಗಿರುವುದು ಓಲ್ಡ್ ನಿಕಲ್ ಎಂಬ ಕುಖ್ಯಾತ ಕೊಳೆಗೇರಿಯನ್ನು ಕೆಡವಿದ ಕಲ್ಲುಮಣ್ಣು. 1866ರಲ್ಲಿ ಈ ಭಾಗದಲ್ಲಿ ಕಾಲರಾ ಹಬ್ಬಿದಾಗ, ಪಾದ್ರಿ ವಿಲಿಯಂ ಪೆನಿಫಾದರ್ ಅವರ ಸೇವಾ ಸಂಘದ ಹೆಣ್ಣುಮಕ್ಕಳು ಆರೈಕೆಗೆಂದು ತಾವಾಗಿಯೇ ಈ ಗಲ್ಲಿಗಳಿಗೆ ಬಂದರು. ವೀಸಾ ಇಲ್ಲ, ಹಡಗಿಲ್ಲ. ಆದರೂ ಉಳ್ಳವರ ಪಾಲಿಗೆ ಈ ಗಲ್ಲಿಗಳು ಆಫ್ರಿಕದಷ್ಟೇ ದೂರ. 1877ರಲ್ಲಿ ಹಳೆಯ ಉಗ್ರಾಣವೊಂದು ಆಸ್ಪತ್ರೆಯಾಯಿತು. ಅದೇ ಮೈಲ್ಡ್‌ಮೇ.

ಶೋರ್‌ಡಿಚ್ ಚರ್ಚಿನ ಹಿಂದೆ ಅದು ಇವತ್ತಿಗೂ ಇದೆ, ಹೊಸ ಕಟ್ಟಡದಲ್ಲಿ. 1982ರಲ್ಲಿ ಮುಚ್ಚಿತು, 1985ರಲ್ಲಿ ಮತ್ತೆ ತೆರೆಯಿತು. 1988ರಲ್ಲಿ, ಏಡ್ಸ್ ರೋಗಿಯನ್ನು ಮುಟ್ಟಲೂ ಜನ ಹೆದರುತ್ತಿದ್ದಾಗ, ಅಂಥ ರೋಗಿಗಳ ಕೊನೆಗಾಲದ ಆರೈಕೆಗೇ ಹಾಸಿಗೆಗಳನ್ನು ಬಿಟ್ಟುಕೊಟ್ಟಿತು. ರಾಜಕುಮಾರಿ ಡಯಾನಾ ಹಲವು ಬಾರಿ ಬಂದು ರೋಗಿಗಳ ಕೈ ಹಿಡಿದದ್ದು ಇಲ್ಲೇ. ಇಲ್ಲಿ ಕಲಿತದ್ದನ್ನು ಉಗಾಂಡಕ್ಕೂ ಒಯ್ದು ಅಲ್ಲಿ ಕೇಂದ್ರ ತೆರೆದರು. ಇದು ಕೆಲಸ ನಡೆಯುತ್ತಿರುವ ಆಸ್ಪತ್ರೆ, ಪ್ರೇಕ್ಷಣೀಯ ಸ್ಥಳವಲ್ಲ. ಹೊರಗಿನಿಂದ ನೋಡಿ ಮುಂದೆ ನಡೆಯುವುದೇ ಮರ್ಯಾದೆ.

ಕೊನೆಯ ನಿಲ್ದಾಣ ನದಿಯಾಚೆ, ಬರೋ ಸ್ಟೇಷನ್ ಹತ್ತಿರದ ಮಾರ್ಷಲ್‌ಸೀ ರಸ್ತೆ. 1949ರಲ್ಲಿ ಹುಟ್ಟಿದ ಕ್ರಿಶ್ಚಿಯನ್ ಮೆಡಿಕಲ್ ಫೆಲೋಶಿಪ್ ಕಚೇರಿ ಇಲ್ಲಿದೆ. ನೋಡಲು ಏನೂ ಇಲ್ಲ, ಹತ್ತರಲ್ಲಿ ಹನ್ನೊಂದನೆಯ ಆಫೀಸು. ಹೊರದೇಶದ ಮಿಷನ್ ಆಸ್ಪತ್ರೆಗೆ ಹೋಗಬೇಕೆನ್ನುವ ಡಾಕ್ಟರು, ನರ್ಸು, ವಿದ್ಯಾರ್ಥಿಗಳು ಸಲಹೆ ಕೇಳುವುದು ಇಂಥ ಕಡೆ. ಬ್ರಿಟನ್ನಿನ ವೈದ್ಯ ವಿದ್ಯಾರ್ಥಿಗಳಿಗೆ ಕೋರ್ಸಿನ ಕೊನೆಯ ಹೊತ್ತಿಗೆ ಎಲೆಕ್ಟಿವ್ ಎಂದು ಕೆಲವು ವಾರ ಸಿಗುತ್ತವೆ. ಹಲವರು ಅದನ್ನು ಆಫ್ರಿಕದಲ್ಲೋ ಭಾರತದಲ್ಲೋ ಕಳೆಯುತ್ತಾರೆ.

ಈ ಚಿಕ್ಕ ಪ್ರವಾಸಗಳ ಬಗ್ಗೆ ನನಗೆ ಅನುಮಾನವಿದೆ. ಆಪರೇಷನ್ ಮಾಡಿದವರು ವಿಮಾನ ಹತ್ತಿದ ಮೇಲೆ ಹೊಲಿಗೆ ಬಿಚ್ಚುವವರು ಯಾರು? ಹೊಟ್ಟೆಯೊಳಗೆ ಸಂಕಟ ಎಂದು ಕನ್ನಡದಲ್ಲಿ ಹೇಳುವ ಹೆಂಗಸಿನ ಮಾತು ಯಾರಿಗೆ ಅರ್ಥವಾಗಬೇಕು? ಮೈಸೂರಿನ ಆಸ್ಪತ್ರೆ ಬಾಳಿದ್ದು ಬಂದವರು ಊರಿನ ಮಾತು ಕಲಿತದ್ದರಿಂದ, ಊರಿನ ಹೆಣ್ಣುಮಕ್ಕಳನ್ನೇ ನರ್ಸುಗಳಾಗಿ ತಯಾರು ಮಾಡಿದ್ದರಿಂದ. ಆಮೇಲೆ ಅದು ಚರ್ಚ್ ಆಫ್ ಸೌತ್ ಇಂಡಿಯಾದ ಕೈಗೆ ಬಂತು, ಇಂಗ್ಲೆಂಡಿನವರು ಹೊರಟರು, ಬಾಗಿಲು ಮುಚ್ಚಲಿಲ್ಲ. ಈಗಂತೂ ಹರಿವು ತಿರುಗಿದೆ: ಲಂಡನ್ನಿನ ವಾರ್ಡುಗಳಲ್ಲಿ ರಾತ್ರಿ ಪಾಳಿಗೆ ನಿಲ್ಲುವವರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಓದಿದವರಿದ್ದಾರೆ.

ಹಾಗೆಂದು ಹೊರದೇಶದ ಆಸ್ಪತ್ರೆಗಳಿಗೆ ಯಾರೂ ಹೋಗಬಾರದು ಎಂದಲ್ಲ. ಅಲ್ಲಿಯ ನರ್ಸುಗಳಿಗೆ ಕಲಿಸಲು ಹೋಗುವವರು, ಅರಿವಳಿಕೆ ಯಂತ್ರ ರಿಪೇರಿ ಮಾಡಿಕೊಟ್ಟು ಬರುವವರು, ಅದೇ ಆಸ್ಪತ್ರೆಗೆ ಪ್ರತಿವರ್ಷ ಮರಳುವವರು ಬೇರೆ ಜಾತಿ. ಹೊರಡುವವರು ಪಾಲಿಸಬೇಕಾದ ನಿಯಮಗಳು ಸರಳ. ನಿಮ್ಮೂರಲ್ಲಿ ಮಾಡಲು ಅರ್ಹತೆಯಿಲ್ಲದ ಆಪರೇಷನ್ನನ್ನು ಬಡವರ ಊರಲ್ಲಿ ಮಾಡಕೂಡದು. ಆ ದೇಶದಲ್ಲಿ ಚಿಕಿತ್ಸೆ ಕೊಡಲು ಬೇಕಾದ ಪರವಾನಗಿ ಮೊದಲೇ ಕೈಯಲ್ಲಿರಬೇಕು. ದಾನದ ಔಷಧಿ ತಲುಪುವ ಹೊತ್ತಿಗೆ ಅದರ ಅವಧಿ ಮುಗಿಯಲು ಕನಿಷ್ಠ ಒಂದು ವರ್ಷವಾದರೂ ಬಾಕಿಯಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆಯಲ್ಲಿ ಮಿಕ್ಕ ಮಾತ್ರೆಗಳನ್ನು ಸೂಟ್‌ಕೇಸಿಗೆ ತುಂಬಿಕೊಂಡು ಹೋದರೆ, ಅವನ್ನು ವಿಂಗಡಿಸಿ ಸುಡುವ ಖರ್ಚು ಬೀಳುವುದು ಆ ಊರಿನ ಆಸ್ಪತ್ರೆಯ ತಲೆಗೇ.