ಹಳೆಯ ಕಾರು, ಊರಿನ ನಾರು

ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿದ್ದ ನಮ್ಮ ಮತ್ತೋಡು ಈಗ ತೆಂಗಿನ ಸೀಮೆ. ಇಲ್ಲಿನ ತೋಟವೊಂದರ ಕೊಟ್ಟಿಗೆಯಲ್ಲಿ ಸೋಗೆ ಹೊದ್ದು ಮಲಗಿದ್ದ 1960ರ ಅಂಬಾಸಿಡರ್ ಕಾರನ್ನು ಎಬ್ಬಿಸಲು, ಒಂದು ಬೇಸಿಗೆ ರಜೆಯಲ್ಲಿ ನಾನೂ ನನ್ನ ಭಾವನ ಇಬ್ಬರು ಮಕ್ಕಳೂ ಟೊಂಕ ಕಟ್ಟಿದೆವು.

ಎಂಜಿನ್ ಕೆಟ್ಟಿರಲಿಲ್ಲ, ಸೋರುತ್ತಿತ್ತು. ಲೋಹದ ಎರಡು ಭಾಗಗಳು ಎಷ್ಟೇ ನುಣುಪಾಗಿ ಕಂಡರೂ ಅವುಗಳಲ್ಲಿ ಸೂಕ್ಷ್ಮ ಉಬ್ಬುತಗ್ಗುಗಳಿರುತ್ತವೆ. ನಡುವೆ ಕುಳಿತು ಆ ಸಂದನ್ನು ತುಂಬುವ ಪದರವೇ ಗ್ಯಾಸ್ಕೆಟ್. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ‘ಪ್ಯಾಕಿಂಗ್’. ಎಂಜಿನ್ ಮೇಲಿನ ಟ್ಯಾಪೆಟ್ ಮುಚ್ಚಳದ ಪ್ಯಾಕಿಂಗ್ ಪುಡಿಯಾಗಿತ್ತು. ವಿಜ್ಞಾನದ ಮೇಷ್ಟ್ರೆಂಬ ಹಮ್ಮಿನಿಂದ ನಾನು ಹಳೆಯ ಟ್ಯೂಬು ಕತ್ತರಿಸಿ ಕೂರಿಸಿದೆ. ಬೋಲ್ಟು ಬಿಗಿದಂತೆಲ್ಲ ರಬ್ಬರು ಪಕ್ಕಕ್ಕೆ ಇಣುಕಿತು. ನಾಲ್ಕು ದಿನದಲ್ಲಿ ಎಣ್ಣೆ ಕುಡಿದು ಊದಿಕೊಂಡು ಅಂಟಂಟಾಯಿತು. ‘ಮಾವ, ನೀವೇ ಓದಿಸಿದ್ದಲ್ವಾ!’ ಎಂದು ಹುಡುಗರು ನಕ್ಕರು.

ಆಮೇಲೆ ಕಾರ್ಕ್ ಹಾಳೆ ತಂದೆವು. ಕಾರ್ಕ್ ಎಂಬುದು ಒಂದು ಜಾತಿಯ ಓಕ್ ಮರದ ತೊಗಟೆ. ಗಾಳಿ ತುಂಬಿದ ಪುಟ್ಟ ಕೋಶಗಳ ರಾಶಿ. ಒತ್ತಿದರೆ ಕೋಶಗಳ ಗೋಡೆ ಮಡಚಿಕೊಳ್ಳುತ್ತದೆಯೇ ಹೊರತು ಪಕ್ಕಕ್ಕೆ ಹಿಗ್ಗುವುದು ತೀರ ಕಡಿಮೆ. ರಬ್ಬರಾದರೋ ತನ್ನ ಗಾತ್ರ ಬಿಟ್ಟುಕೊಡದು, ಪಕ್ಕಕ್ಕೆ ನುಗ್ಗುತ್ತದೆ. ಪುಸ್ತಕದಲ್ಲಿ ಬಾಯಿಪಾಠ ಮಾಡುವ ‘ಪಾಯ್ಸನ್ ಅನುಪಾತ’ ಇದೇ. ಪೆನ್ಸಿಲ್ ಅಳಿಸುವ ರಬ್ಬರನ್ನೂ ಬಾಟಲಿಯ ಕಾರ್ಕ್ ಬಿರಡೆಯನ್ನೂ ಒತ್ತಿ ನೋಡಿ, ಗೊತ್ತಾಗುತ್ತದೆ.

ನೀರಿನ ಪಂಪಿಗೆ ದಪ್ಪ ಕಾಗದವೇ ಸಾಕಾಯಿತು. ಕಾಗದವನ್ನು ಲೋಹದ ಮೇಲಿಟ್ಟು ಅಂಚಿನಗುಂಟ ಗುಂಡುಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ, ಅಂಚೇ ಕತ್ತರಿಯಾಗುತ್ತದೆ. ಗಡುಸಾಗಿದ್ದ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆವು, ಮತ್ತೆ ಮೆತ್ತಗಾಯಿತು. ಉಕ್ಕಿಗೆ ಹೀಗೆ ಮಾಡಿದರೆ ಗಡುಸಾಗುತ್ತದೆ, ತಾಮ್ರದ್ದು ತದ್ವಿರುದ್ಧ.

ಸೀಟಿಗೆ ಮಾತ್ರ ಪೇಟೆಗೆ ಹೋಗಲಿಲ್ಲ. ಫೋಮ್ ಬರುವ ಮೊದಲು ಕಾರಿನ ಸೀಟುಗಳಲ್ಲಿದ್ದದ್ದು ಕುದುರೆ ಕೂದಲು, ತೆಂಗಿನ ನಾರು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲೂ ರಬ್ಬರು ಹಾಲಿನಿಂದ ಬೆಸೆದ ನಾರು ಇತ್ತು. ನಾವು ಸ್ಪ್ರಿಂಗ್ ಮೇಲೆ ಗೋಣಿತಟ್ಟು, ಅದರ ಮೇಲೆ ಒಣಗಿಸಿ ಬಿಡಿಸಿದ ನಾರು, ಮೇಲೊಂದು ಹಳೆಯ ಕಂಬಳಿ ಹಾಸಿ ಹೊಲಿದೆವು. ನಾರಿನ ನಡುವೆ ಗಾಳಿಯಾಡುವುದರಿಂದ ಬಿಸಿಲಲ್ಲೂ ಬೆನ್ನು ಬೆವರದು.

ಎರಡು ಕಡೆ ಕೈಚಳಕ ತೋರಿಸಲಿಲ್ಲ. ಹಳೆಯ ಹೆಡ್ ಗ್ಯಾಸ್ಕೆಟ್‌ನಲ್ಲಿ ಕಲ್ನಾರು ಇರಬಹುದು. ಅದರ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ಅದನ್ನು ಒಣದಾಗಿ ಕೆರೆಯಲು ಹೊರಟಿದ್ದ ಹುಡುಗರನ್ನು ಗದರಿ ದೂರ ಕಳಿಸಿದೆ. ಅದನ್ನು ತೆಗೆದು ಹೊಸದು ಕೂರಿಸುವ ಕೆಲಸ ತಿಳಿದ ಮೆಕ್ಯಾನಿಕ್ಕಿನದಾಯಿತು. ಬ್ರೇಕಿನ ರಬ್ಬರುಗಳನ್ನೂ ಹೊಸದಾಗಿಯೇ ಕೊಂಡೆವು. ಎಣ್ಣೆ ಸೋರಿದರೆ ನೆಲ ಕೊಳೆಯಾದೀತು, ಬ್ರೇಕು ಸೋತರೆ?

ರಜೆ ಮುಗಿಯುವ ಮೊದಲು ಹೊಸದುರ್ಗದವರೆಗೆ ಹೋಗಿಬಂದೆವು. ಕೊಟ್ಟಿಗೆಯಲ್ಲಿ ನಿಲ್ಲಿಸಿ, ಕೆಳಗೆ ಹಳೆಯ ದಿನಪತ್ರಿಕೆ ಹಾಸಿದೆವು. ಬೆಳಿಗ್ಗೆ ಅದರ ಮೇಲೆ ಎರಡೇ ಹನಿ ಎಣ್ಣೆ ಇತ್ತು.